ಹೊಗೆಗೆ ಬೆಲೆ ಕಟ್ಟಿದರೆ

ಜಗಳೂರು ಸೀಮೆಯ ಒಂದು ಕೊಳವೆಬಾವಿಯನ್ನು ಕಣ್ಣಮುಂದೆ ತಂದುಕೊಳ್ಳಿ. ನೀರು ಐನೂರು ಅಡಿಗಳ ಕೆಳಗಿದೆಯೆಂದು ಭಾವಿಸೋಣ. ಆ ಬರದ ನಾಡಿನಲ್ಲಿ ಇದೇನೂ ಅತಿಶಯೋಕ್ತಿಯಲ್ಲ. ಅಷ್ಟು ಆಳದಿಂದ ಒಂದು ಸಾವಿರ ಲೀಟರು ನೀರನ್ನು, ಎಂದರೆ ಅರುವತ್ತು ಎಪ್ಪತ್ತು ಕೊಡಗಳಷ್ಟನ್ನು, ಮೇಲಕ್ಕೆತ್ತಲು ಎಷ್ಟು ಶಕ್ತಿ ಬೇಕು? ಹೈಸ್ಕೂಲಿನಲ್ಲಿ ಕಲಿತ ಸೂತ್ರವೇ ಇದಕ್ಕೆ ಸಾಕು. ಸುಮಾರು ೧೫ ಲಕ್ಷ ಜೂಲುಗಳಾಗುವುವು. ವಿದ್ಯುತ್ತಿನ ಒಂದು ಯೂನಿಟ್ಟೆಂದರೆ ೩೬ ಲಕ್ಷ ಜೂಲು. ಆದುದರಿಂದ ಅರ್ಧ ಯೂನಿಟ್ಟಿಗಿಂತಲೂ ಕಡಮೆ ಸಾಕೆಂದು ಪುಸ್ತಕ ಹೇಳುವುದು. ಆದರೆ ಪಂಪು ಪುಸ್ತಕದಂತೆ ನಡೆಯುವುದಿಲ್ಲ. ಅದರ ಸುರುಳಿ ಬಿಸಿಯಾಗುವುದು, ಕೊಳವೆಯಲ್ಲಿ ಘರ್ಷಣೆಯಾಗುವುದು, ತಂತಿಯಲ್ಲಿಯೂ ಒಂದಿಷ್ಟು ಸೋರಿಹೋಗುವುದು. ಕೊಟ್ಟ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ವ್ಯರ್ಥವಾಗಿ, ಕಡೆಗೆ ಲೆಕ್ಕ ಒಂದು ಯೂನಿಟ್ಟಿನ ಹತ್ತಿರಕ್ಕೆ ಬಂದು ನಿಲ್ಲುವುದು.

ಆ ಯೂನಿಟ್ಟು ಕಲ್ಲಿದ್ದಲಿನಿಂದ ಹುಟ್ಟಿದುದಾದರೆ, ಅದಕ್ಕಾಗಿ ಎಲ್ಲಿಯೋ ಒಂದು ಕುಲುಮೆಯಲ್ಲಿ ಮುಕ್ಕಾಲು ಕಿಲೋಗ್ರಾಮಿಗೆ ತುಸು ಕಡಮೆ ಕಲ್ಲಿದ್ದಲು ಉರಿದಿರಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲು ಬೂದಿಯೇ. ಇಂಗಾಲ ಹೆಚ್ಚುಕಡಮೆ ನೂರಕ್ಕೆ ೪೦. ೧೨ ಗ್ರಾಂ ಇಂಗಾಲವು ೩೨ ಗ್ರಾಂ ಆಮ್ಲಜನಕವನ್ನು ಕೂಡಿಕೊಂಡು ೪೪ ಗ್ರಾಂ ಇಂಗಾಲದ ಡೈಆಕ್ಸೈಡು ಆಗುವುದನ್ನು ನೆನಪಿಗೆ ತಂದುಕೊಂಡು ಗುಣಿಸಿದರೆ, ಯೂನಿಟ್ಟೊಂದಕ್ಕೆ ಸುಮಾರು ಒಂದು ಕಿಲೋಗ್ರಾಂ ಅನಿಲ ಆಕಾಶಕ್ಕೆ ಏರಿದಂತಾಯಿತು. ಒಂದು ಕಿಲೋಗ್ರಾಮಿನಷ್ಟು ಈ ಅನಿಲ ಐನೂರು ಲೀಟರಿಗೂ ಮಿಕ್ಕ ಜಾಗವನ್ನು ಹಿಡಿಯುವುದು. ಕೆಳಗಿನಿಂದ ಸಾವಿರ ಲೀಟರು ನೀರು ಬಂದಾಗ ಮೇಲಕ್ಕೆ ಐನೂರು ಲೀಟರಿಗೂ ಮಿಕ್ಕ ಅಂಗಾರವಾಯು ಹೋಯಿತು. ರೈತನು ನೀರನ್ನು ಕಾಣುವನು. ಅನಿಲವನ್ನು ಯಾರೂ ಕಾಣರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಇಂದಿನವರೆಗೆ ನಮ್ಮಲ್ಲಿ ವಿದ್ಯುತ್ತಿನ ಮಟ್ಟಿಗೆ ಅದಕ್ಕೆಂದೇ ಕಟ್ಟಿದ ಬೆಲೆಯೂ ಇಲ್ಲ.

ಬೆಲೆ ಇರಬೇಕೆ? ಇದ್ದರೆ ವಿದ್ಯುತ್ತನ್ನು ತಯಾರಿಸಿ ಹಂಚುವ ಸಂಸ್ಥೆಗಳು ತಮ್ಮ ವ್ಯವಹಾರವನ್ನು ಹೇಗೆ ಬದಲಿಸಿಕೊಂಡಾವು? ಆ ಬದಲಾವಣೆಯ ಭಾರ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮೇಲೆ ಬಿದ್ದೀತೆ? ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನು ನಾನು ಬೇಕೆಂದೇ ಆರಿಸಿಕೊಂಡಿದ್ದೇನೆ. ಇವುಗಳಲ್ಲಿ ಕಲ್ಲಿದ್ದಲು ಸುಡುವ ದೊಡ್ಡ ವಿದ್ಯುತ್ ಸ್ಥಾವರ ಒಂದೂ ಇಲ್ಲ. ಆದರೂ ವಿದ್ಯುತ್ತು ನಿಂತರೆ ಇಲ್ಲಿ ನೀರು ನಿಲ್ಲುವುದು. ಚನ್ನಗಿರಿಯ ಅಡಿಕೆಯ ತೋಟಗಳು ಬೇಸಗೆಯಲ್ಲಿ ಪಂಪನ್ನೇ ನಂಬಿವೆ. ಅದೇ ತಾಲ್ಲೂಕಿನ ಉಬ್ರಾಣಿಗೆ ಭದ್ರೆಯ ನೀರು ಏತದಿಂದಲೇ ಏರಬೇಕು. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ ತುಂಬಿ ಹರಿದರೂ ಸಾಸ್ವೇಹಳ್ಳಿಯ ಏತ ನೀರಾವರಿಗೆ ಯಂತ್ರದ ಬಲ ಬೇಕು. ಹೊನ್ನಾಳಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ನ್ಯಾಮತಿಯ ಹೊಲಗಳ ಮೆಕ್ಕೆಜೋಳ ಮಳೆಯನ್ನು ನಂಬಿದ್ದು, ಮಳೆ ತಪ್ಪಿದ ವರ್ಷ ಅಲ್ಲಿಯೂ ಕೊಳವೆಬಾವಿಯೇ ಗತಿ. ಇನ್ನು ಜಗಳೂರಿನ ೫೭ ಕೆರೆಗಳನ್ನು ತುಂಬಿಸುವ ಯೋಜನೆಯಂತೂ ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯ ನೀರನ್ನು ಎತ್ತಿ ಬಹು ದೂರ ಒಯ್ಯುವ ಯೋಜನೆ. ಇಲ್ಲಿ ವಿದ್ಯುತ್ತಿನ ದರವೆಂದರೆ ನೀರಿನ ದರವೆಂದೇ ಅರ್ಥ.

ಹೊಗೆಯನ್ನು ಕೊಂಡು ಮಾರುವ ವಿಚಾರ ವಿದ್ಯಾರ್ಥಿಗಳಿಗೆ ವಿಚಿತ್ರವಾಗಿ ತೋರಬಹುದು. ತತ್ತ್ವ ಮಾತ್ರ ಸರಳ. ಸರ್ಕಾರ ಇಡೀ ದೇಶಕ್ಕೆ ಇಷ್ಟು ಟನ್ನು ಹೊಗೆ ಎಂದು ಮಿತಿ ಹಾಕುವುದು. ಆ ಮಿತಿಯಷ್ಟೇ ಚೀಟಿಗಳನ್ನು ಅಚ್ಚುಹಾಕುವುದು. ಒಂದು ಚೀಟಿಗೆ ಒಂದು ಟನ್ನು. ವರ್ಷದ ಕೊನೆಯಲ್ಲಿ ಪ್ರತಿ ಕಾರ್ಖಾನೆಯೂ ತಾನು ಬಿಟ್ಟ ಹೊಗೆಗೆ ಸಮನಾದ ಚೀಟಿಗಳನ್ನು ಒಪ್ಪಿಸಬೇಕು. ಸುಲಭವಾಗಿ ಹೊಗೆ ತಗ್ಗಿಸಬಲ್ಲವನು ತಗ್ಗಿಸಿ, ಉಳಿದ ಚೀಟಿಯನ್ನು ಮಾರಿಕೊಳ್ಳುವನು; ತಗ್ಗಿಸಲು ಕಷ್ಟವಾದವನು ಕೊಳ್ಳುವನು. ಒಟ್ಟು ಹೊಗೆ ಮಿತಿಯನ್ನು ಮೀರದು, ಅದನ್ನು ತಗ್ಗಿಸಲು ತಗಲುವ ವೆಚ್ಚವೂ ಕನಿಷ್ಠವಾಗುವುದು. ಕೆನಡದ ಅರ್ಥಶಾಸ್ತ್ರಜ್ಞ ಜಾನ್ ಡೇಲ್ಸ್ ೧೯೬೮ರಲ್ಲಿ ಈ ವಿಚಾರವನ್ನು ಒಂದು ಪುಸ್ತಕದಲ್ಲಿ ವಿವರಿಸಿದನು. ಅವನು ಹೇಳಿದುದು ನೀರಿನ ಮಾಲಿನ್ಯವನ್ನು ಕುರಿತು. ಅದನ್ನು ದೊಡ್ಡ ಪ್ರಮಾಣದಲ್ಲಿ ಆಚರಣೆಗೆ ತಂದವರು ಅಮೆರಿಕದವರು, ಅದೂ ವಿದ್ಯುತ್ ಕಂಪನಿಗಳ ಮೇಲೆ.

ಅಮೆರಿಕದಲ್ಲಿ ೧೯೯೦ರ ಕಾನೂನು ಗಂಧಕದ ಡೈಆಕ್ಸೈಡಿಗೆ ಮಿತಿ ಹಾಕಿತು; ಅಲ್ಲಿನ ಕೆರೆಗಳನ್ನೂ ಕಾಡುಗಳನ್ನೂ ಕೆಡಿಸುತ್ತಿದ್ದ ಆಮ್ಲಮಳೆಗೆ ಆ ಅನಿಲವೇ ಮೂಲವಾಗಿದ್ದಿತು. ೧೯೯೫ರಲ್ಲಿ ಮೊದಲ ಘಟ್ಟ ಆರಂಭವಾದಾಗ ೧೧೦ ಸ್ಥಾವರಗಳು ಅದಕ್ಕೆ ಒಳಪಟ್ಟುವು. ಎಲ್ಲರೂ ಚಿಮಣಿಗೆ ದುಬಾರಿಯಾದ ಹೊಗೆತೊಳೆಯುವ ಯಂತ್ರಗಳನ್ನು ಕೂರಿಸಬೇಕಾಗುವುದೆಂದು ಅನೇಕರು ಊಹಿಸಿದ್ದರು. ಕಂಪನಿಗಳ ವ್ಯವಸ್ಥಾಪಕರು ಬೇರೆಯೇ ದಾರಿಯನ್ನು ಕಂಡುಕೊಂಡರು. ವಯೋಮಿಂಗ್ ಸಂಸ್ಥಾನದ ಕಲ್ಲಿದ್ದಲಿನಲ್ಲಿ ಗಂಧಕ ಬಹಳ ಕಡಮೆ. ರೈಲಿನ ಸಾಗಾಣಿಕೆಯೂ ಆ ವೇಳೆಗೆ ಅಗ್ಗವಾಗಿದ್ದಿತು. ಹಲವರು ಕಲ್ಲಿದ್ದಲನ್ನೇ ಬದಲಿಸಿದರು, ಕೆಲವರು ಯಂತ್ರ ಹಾಕಿದರು, ಮಿಕ್ಕವರು ಚೀಟಿ ಕೊಂಡರು. ಮುಂದೆ ಬೇಕಾದೀತೆಂದು ಚೀಟಿಗಳನ್ನು ಕೂಡಿಟ್ಟವರೂ ಉಂಟು. ಒಟ್ಟು ವೆಚ್ಚ ಮೊದಲು ಹೆದರಿದ್ದಕ್ಕಿಂತ ಬಹಳ ಕಡಮೆಯಾಯಿತು. ಇಂಥ ಯಂತ್ರವನ್ನೇ ಹಾಕಿರೆಂದು ಅಪ್ಪಣೆ ಮಾಡುವ ಕಾನೂನಿನಿಂದ ಈ ಫಲ ದೊರೆಯುತ್ತಿರಲಿಲ್ಲ. ನಮ್ಮ ದೇಶದ ಅನುಭವ ಇದಕ್ಕೆ ಉಲ್ಟಾ ಸಾಕ್ಷಿ: ಶಾಖೋತ್ಪನ್ನ ಸ್ಥಾವರಗಳು ಗಂಧಕವನ್ನು ತಡೆಯಬೇಕೆಂಬ ಅಪ್ಪಣೆ ೨೦೧೫ರ ಡಿಸೆಂಬರಿನಲ್ಲಿ ಹೊರಟಿತು, ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು, ೨೦೨೫ರ ಜುಲೈಯಲ್ಲಿ ಹೆಚ್ಚಿನ ಸ್ಥಾವರಗಳಿಗೆ ವಿನಾಯತಿಯೇ ಸಿಕ್ಕಿತು.

ಯೂರೋಪಿನ ಕಥೆ ಅಷ್ಟು ಸುಖಕರವಲ್ಲ, ಆದುದರಿಂದಲೇ ನಮಗೆ ಹೆಚ್ಚು ಉಪಯುಕ್ತ. ೨೦೦೫ರಲ್ಲಿ ಅಲ್ಲಿ ಇಂಗಾಲದ ಡೈಆಕ್ಸೈಡಿನ ಪೇಟೆ ತೆರೆಯಿತು. ಮೊದಲು ಚೀಟಿಗಳನ್ನು ಬಹುಪಾಲು ಪುಕ್ಕಟೆಯಾಗಿಯೇ ಹಂಚಿದರು. ವಿದ್ಯುತ್ ಕಂಪನಿಗಳು ಪುಕ್ಕಟೆ ಬಂದ ಚೀಟಿಯ ಪೇಟೆಬೆಲೆಯನ್ನು ಗ್ರಾಹಕರ ದರಕ್ಕೆ ಸೇರಿಸಿ ಲಾಭ ಹೊಡೆದುವು. ಇದು ಮೋಸವಲ್ಲ, ಲೆಕ್ಕಾಚಾರ: ಮಾರಬಹುದಾದ ವಸ್ತುವನ್ನು ಸುಟ್ಟರೆ ಅದರ ಬೆಲೆ ಖರ್ಚೇ ತಾನೆ ಎಂದು ವಣಿಕ ವಾದಿಸಬಹುದು. ಗ್ರಾಹಕನಿಗೆ ಮಾತ್ರ ಅದು ಮೋಸದಂತೆಯೇ ಕಂಡಿತು. ಎರಡನೆಯ ಎಡವಟ್ಟು ಇನ್ನೂ ದೊಡ್ಡದು. ಮೊದಲ ಅವಧಿಯ ಚೀಟಿಗಳನ್ನು ೨೦೦೮ರ ನಂತರದ ಅವಧಿಗೆ ಒಯ್ಯುವಂತಿರಲಿಲ್ಲ. ಚೀಟಿಗಳು ಹೆಚ್ಚಾಗಿ ಹಂಚಿಹೋಗಿವೆಯೆಂದು ತಿಳಿದೊಡನೆ ಬೆಲೆ ಕುಸಿಯುತ್ತ ೨೦೦೭ರ ಹೊತ್ತಿಗೆ ಸೊನ್ನೆಯ ಹತ್ತಿರಕ್ಕೆ ಬಂದಿತು. ೨೦೧೩ರಿಂದ ವಿದ್ಯುತ್ ಕಂಪನಿಗಳು ಸಾಮಾನ್ಯವಾಗಿ ಹರಾಜಿನಲ್ಲಿಯೇ ಚೀಟಿ ಕೊಳ್ಳಬೇಕೆಂದು ಗೊತ್ತಾಯಿತು. ಅದೇ ವರ್ಷ ಬ್ರಿಟನ್ನು ತನ್ನದೇ ಕನಿಷ್ಠ ಬೆಲೆಯನ್ನು ಅದರ ಮೇಲೆ ಹೇರಿತು. ೨೦೧೨ರಲ್ಲಿ ಆ ದೇಶದ ವಿದ್ಯುತ್ತಿನಲ್ಲಿ ನೂರಕ್ಕೆ ೪೦ರಷ್ಟು ಕಲ್ಲಿದ್ದಲಿನದಾಗಿದ್ದಿತು. ೨೦೨೪ರ ಸೆಪ್ಟೆಂಬರ್ ೩೦ರಂದು ಅಲ್ಲಿನ ಕೊನೆಯ ಕಲ್ಲಿದ್ದಲಿನ ಸ್ಥಾವರ ಬಾಗಿಲು ಹಾಕಿತು. ಕಲ್ಲಿದ್ದಲಿನಿಂದಲೇ ಯಂತ್ರಯುಗವನ್ನು ಆರಂಭಿಸಿದ ನಾಡು ಅದು!

ನಾವೂ ಈ ದಾರಿಯಲ್ಲಿ ಕೆಲವು ಹೆಜ್ಜೆ ಇಟ್ಟಿದ್ದೇವೆ. ೨೦೧೨ರಲ್ಲಿ ಆರಂಭವಾದ ಶಕ್ತಿ ಉಳಿತಾಯದ ಯೋಜನೆಯಲ್ಲಿ ಶಾಖೋತ್ಪನ್ನ ಸ್ಥಾವರಗಳೂ ಸೇರಿ ಎಂಟು ಬಗೆಯ ಉದ್ಯಮಗಳ ೪೭೮ ಘಟಕಗಳಿಗೆ ಗುರಿ ಕೊಡಲಾಯಿತು. ಗುರಿ ಮೀರಿ ಉಳಿಸಿದವರಿಗೆ ಪ್ರಮಾಣಪತ್ರ. ಪತ್ರಗಳ ಪೇಟೆ ೨೦೧೭ರಲ್ಲಿ ತೆರೆದಾಗ ಕೊಡಮಾಡಿದ್ದ ಪತ್ರಗಳು ಸುಮಾರು ೩೮ ಲಕ್ಷ, ಕೊಳ್ಳಬೇಕಾಗಿದ್ದವರಿಗೆ ಬೇಕಾದುವು ಸುಮಾರು ೧೪ ಲಕ್ಷ. ಸಂತೆಯಲ್ಲಿ ಕುಂಬಳಕಾಯಿ ಹೀಗೆ ಬಂದು ಬಿದ್ದರೆ ಬೆಲೆ ಏನಾಗುವುದೆಂದು ಹೇಳಬೇಕಾದುದಿಲ್ಲ. ಗುರಿ ಸಡಿಲವಾಗಿದ್ದಿತು, ಅಷ್ಟೆ. ಇದಕ್ಕೆ ಪ್ರತಿಯಾಗಿ ಗುಜರಾತಿನ ಸೂರತ್ತಿನಲ್ಲಿ ೨೦೧೯ರಲ್ಲಿ ಕಾರ್ಖಾನೆಗಳ ಹೊಗೆಯ ಧೂಳಿಗೇ ಒಂದು ಪೇಟೆಯನ್ನು ಮಾಡಿ, ಚಿಮಣಿಗಳಿಗೆ ಅಳೆಯುವ ಉಪಕರಣವನ್ನು ಜೋಡಿಸಿ ನೋಡಿದರು. ಪೇಟೆಗೆ ಸೇರಿದ ಕಾರ್ಖಾನೆಗಳ ಧೂಳು ನೂರಕ್ಕೆ ೨೦ರಿಂದ ೩೦ರಷ್ಟು ಇಳಿಯಿತು. ಅಳತೆ ನಿಜವಾಗಿದ್ದು ಮಿತಿ ಬಿಗಿಯಾಗಿದ್ದರೆ ನಮ್ಮ ನೆಲದಲ್ಲಿಯೂ ಈ ಬೆಳೆ ಬರುವುದೆಂದು ಇದರಿಂದ ಸಿದ್ಧವಾಯಿತು.

೨೦೨೨ರಲ್ಲಿ ಶಕ್ತಿ ಸಂರಕ್ಷಣೆಯ ಕಾಯಿದೆಗೆ ತಿದ್ದುಪಡಿಯಾಗಿ, ೨೦೨೩ರ ಜೂನಿನಲ್ಲಿ ಇಂಗಾಲದ ಚೀಟಿಗಳ ವ್ಯಾಪಾರದ ಯೋಜನೆ ಪ್ರಕಟವಾಯಿತು. ೨೦೨೫ರ ಅಕ್ಟೋಬರಿನಲ್ಲಿ ಸಿಮೆಂಟು, ಅಲ್ಯೂಮಿನಿಯಂ, ಕಾಗದ, ಕ್ಲೋರಿನ್-ಕ್ಷಾರ ಎಂಬ ನಾಲ್ಕು ಉದ್ಯಮಗಳ ೨೮೨ ಘಟಕಗಳಿಗೆ ಗುರಿಗಳು ಗೊತ್ತಾದುವು. ಗುರಿ ಮುಟ್ಟದೆ ಚೀಟಿಯನ್ನೂ ಕೊಳ್ಳದವನು ಪೇಟೆಯ ಸರಾಸರಿ ಬೆಲೆಯ ಎರಡರಷ್ಟನ್ನು ದಂಡವಾಗಿ ತೆರಬೇಕು. ಎಲ್ಲವೂ ಸರಿಯೇ. ಆದರೆ ಯೋಜನೆಗೆ ಮೊದಲು ಹೆಸರಿಸಿದ ಒಂಬತ್ತು ಉದ್ಯಮಗಳಲ್ಲಿ ಶಾಖೋತ್ಪನ್ನ ವಿದ್ಯುತ್ತು ಇರಲಿಲ್ಲ! ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಗೆ ಬಿಡುವವನನ್ನು ಹೊರಗಿಟ್ಟು ಹೊಗೆಯ ಸಂತೆಯನ್ನು ಕೂಡಿಸಿದಂತಾಯಿತು. ಚೀಣೀಯರು ೨೦೨೧ರ ಜುಲೈಯಲ್ಲಿ ತಮ್ಮ ರಾಷ್ಟ್ರೀಯ ಪೇಟೆಯನ್ನು ತೆರೆದಾಗ ಎರಡು ಸಾವಿರಕ್ಕೂ ಮಿಕ್ಕ ವಿದ್ಯುತ್ ಕಂಪನಿಗಳಿಂದಲೇ ಆರಂಭಿಸಿದರೆಂಬುದನ್ನು ಇಲ್ಲಿ ನೆನೆಯಬೇಕು. ವಿದ್ಯುತ್ತನ್ನು ಒಳಗೆ ತರಬೇಕೆಂಬುದೇ ನನ್ನ ಅಭಿಪ್ರಾಯ. ಆದರೆ ಹೇಗೆ ತರಬೇಕೆಂಬುದರಲ್ಲಿ ಎಲ್ಲವೂ ಅಡಗಿದೆ.

ವಿದ್ಯುತ್ ಸಂಸ್ಥೆಯೊಂದರ ಕಚೇರಿಯಲ್ಲಿ ಪ್ರತಿದಿನ ನಡೆಯುವ ಒಂದು ತೀರ್ಮಾನದಿಂದ ಹೊರಡೋಣ. ಯಾವ ಸ್ಥಾವರವನ್ನು ಮೊದಲು ಓಡಿಸಬೇಕು? ಇಂಧನದ ಖರ್ಚು ಯಾರದು ಕಡಮೆಯೋ ಅವರದು ಮೊದಲು. ಬೇಡಿಕೆ ಏರಿದಂತೆಲ್ಲ ದುಬಾರಿಯವರಿಗೆ ಕರೆ. ಎರಡು ಕಾಲ್ಪನಿಕ ಸ್ಥಾವರಗಳನ್ನು ತೆಗೆದುಕೊಳ್ಳಿ. ಹಳೆಯದು ಗಣಿಗೆ ಹತ್ತಿರ. ಯೂನಿಟ್ಟಿಗೆ ೩ ರೂಪಾಯಿ ೬೦ ಪೈಸೆಯ ಇಂಧನ, ೧,೦೫೦ ಗ್ರಾಂ ಹೊಗೆ. ಹೊಸದರ ಕುದಿಪಾತ್ರೆಯಲ್ಲಿ ಒತ್ತಡವೂ ಉಷ್ಣತೆಯೂ ಹೆಚ್ಚು, ಆದುದರಿಂದ ಹೊಗೆ ೮೮೦ ಗ್ರಾಂ. ಆದರೆ ಕಲ್ಲಿದ್ದಲು ದೂರದಿಂದ ಬರುವುದರಿಂದ ಖರ್ಚು ೩ ರೂಪಾಯಿ ೭೦ ಪೈಸೆ. ಇಂದು ಹಳೆಯದೇ ಮೊದಲು ಓಡುವುದು. ಈಗ ಟನ್ನು ಹೊಗೆಗೆ ೧,೦೦೦ ರೂಪಾಯಿ ಬೆಲೆ ಬಂದಿತೆನ್ನೋಣ. ಹಳೆಯದರ ಖರ್ಚು ೪ ರೂಪಾಯಿ ೬೫ ಪೈಸೆ, ಹೊಸದರದು ೪ ರೂಪಾಯಿ ೫೮ ಪೈಸೆ. ಸರದಿ ತಿರುಗಿಬಿದ್ದಿತು. ಯಾರೂ ಯಾವ ಅಪ್ಪಣೆಯನ್ನೂ ಹೊರಡಿಸಲಿಲ್ಲ; ಹಳೆಯ ಸ್ಥಾವರ ತಾನಾಗಿ ಹಿಂದೆ ಸರಿಯಿತು.

ಹೀಗೆ ಹಿಂದೆ ಸರಿದ ಸ್ಥಾವರದ ಮುಂದಿನ ಭವಿಷ್ಯವೇ ಬದಲಾಗುವುದು. ವರ್ಷದಲ್ಲಿ ಓಡುವ ಗಂಟೆಗಳು ಕಡಮೆಯಾದರೆ ಅದರ ದುರಸ್ತಿಗೆ ಹಣ ಹಾಕಬೇಕೆ, ಮುಚ್ಚಬೇಕೆ ಎಂಬ ಪ್ರಶ್ನೆ ಏಳುವುದು. ಕರ್ನಾಟಕದಲ್ಲಿ ಇದು ಬರಿಯ ತರ್ಕವಲ್ಲ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಮಹಾರಾಷ್ಟ್ರದಿಂದ, ಒಡಿಶಾದಿಂದ ರೈಲಿನಲ್ಲಿ ಬರಬೇಕು. ೧೯೭೦ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯುತ್ ನಿಗಮದ ರಾಯಚೂರು ಸ್ಥಾವರದಲ್ಲಿ ಮೊದಲ ಘಟಕ ೧೯೮೫ರಲ್ಲಿ ಓಡತೊಡಗಿತು. ಅದಕ್ಕೆ ನಾಲ್ವತ್ತು ವರ್ಷ ದಾಟಿತು. ಅದರ ಹತ್ತಿರವೇ ಯರಮರಸಿನಲ್ಲಿ ತಲಾ ೮೦೦ ಮೆಗಾವಾಟಿನ ಎರಡು ಹೊಸ ಮಾದರಿಯ ಘಟಕಗಳಿವೆ. ಬಳ್ಳಾರಿಯ ಕುಡುತಿನಿಯಲ್ಲಿ ೧,೭೦೦ ಮೆಗಾವಾಟು. ಯಾವುದನ್ನು ಎಷ್ಟು ಓಡಿಸಬೇಕು, ತೊಳೆದು ಬೂದಿ ಕಳೆದ ಕಲ್ಲಿದ್ದಲಿಗೆ ಹೆಚ್ಚು ಹಣ ಕೊಡಬಹುದೆ, ಕೊಳವೆಗಳಿಗೆ ಹಿಡಿದ ಮಸಿಯನ್ನು ಎಷ್ಟು ತಿಂಗಳಿಗೊಮ್ಮೆ ತೆಗೆಸಬೇಕು ಎಂಬ ಪ್ರಶ್ನೆಗಳಿಗೆಲ್ಲ ಹೊಗೆಯ ಬೆಲೆ ಹೊಸ ಉತ್ತರವನ್ನು ಕೊಡುವುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ವಿದ್ಯಾರ್ಥಿಗಳು ನಿಧಾನವಾಗಿ ಗಮನಿಸಬೇಕು. ನಮ್ಮ ಯೋಜನೆ ಒಟ್ಟು ಹೊಗೆಗೆ ಮಿತಿ ಹಾಕುವುದಿಲ್ಲ. ಒಂದು ಟನ್ನು ಸರಕಿಗೆ ಇಷ್ಟು ಹೊಗೆ ಎಂಬ ಪ್ರಮಾಣವನ್ನು ಗೊತ್ತುಮಾಡುವುದು. ಇದೇ ಕ್ರಮವನ್ನು ಕಲ್ಲಿದ್ದಲಿನ ಸ್ಥಾವರಗಳಿಗೆ ಅನ್ವಯಿಸಿ, ಯೂನಿಟ್ಟಿಗೆ ೯೭೦ ಗ್ರಾಂ ಎಂದು ಇಟ್ಟರೆ, ಮೇಲಿನ ಉದಾಹರಣೆಯ ಹಳೆಯ ಸ್ಥಾವರ ಮಿಕ್ಕ ೮೦ ಗ್ರಾಮಿಗೆ ಮಾತ್ರ ೮ ಪೈಸೆ ತೆರುವುದು: ೩ ರೂಪಾಯಿ ೬೮ ಪೈಸೆ. ಹೊಸದು ಉಳಿಸಿದ ೯೦ ಗ್ರಾಮನ್ನು ಮಾರಿ ೯ ಪೈಸೆ ಗಳಿಸುವುದು: ೩ ರೂಪಾಯಿ ೬೧ ಪೈಸೆ. ಇಲ್ಲಿಯೂ ಸರದಿ ತಿರುಗಿತು, ಎರಡರ ನಡುವಣ ಅಂತರವೂ ಅದೇ ಏಳು ಪೈಸೆ. ಆದರೆ ಗ್ರಾಹಕನ ದರ ಏರಲೇ ಇಲ್ಲ! ಇದನ್ನು ಕಂಡು ಸರ್ಕಾರದವರು ಸಂತೋಷಪಡುವುದು ಸಹಜ. ಹಾಗಾದರೆ ನಷ್ಟವಾದುದು ಯಾರಿಗೆ? ಜಗಳೂರಿನ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಕ್ಕೆ. ಮೊದಲನೆಯ ಲೆಕ್ಕದಲ್ಲಿ ಕಲ್ಲಿದ್ದಲು ಹೆಚ್ಚುಕಡಮೆ ಒಂದು ರೂಪಾಯಿ ತುಟ್ಟಿಯಾಗಿ ಗಾಳಿಗೆ ಅಷ್ಟು ಅನುಕೂಲವಾಗುತ್ತಿದ್ದಿತು. ಎರಡನೆಯದರಲ್ಲಿ ಅನುಕೂಲ ಏನೇನೂ ಇಲ್ಲ. ಕಲ್ಲಿದ್ದಲು ಕಲ್ಲಿದ್ದಲಿನೊಡನೆ ಮಾತ್ರ ಸ್ಪರ್ಧಿಸಿತು.

ಗಾಳಿಯಂತ್ರದವರಿಗೆ ಚೀಟಿಯ ವ್ಯಾಪಾರ ಹೊಸದೂ ಅಲ್ಲ. ೨೦೦೫ರಲ್ಲಿ ಕ್ಯೋಟೋ ಒಪ್ಪಂದ ಜಾರಿಗೆ ಬಂದ ಮೇಲೆ ನೆರೆಯ ಚಿತ್ರದುರ್ಗದ ಬೆಟ್ಟಗಳ ಹಲವು ಪವನ ಯೋಜನೆಗಳು ತಾವು ತಪ್ಪಿಸಿದ ಹೊಗೆಗೆ ಚೀಟಿ ಪಡೆಯಲು ವಿಶ್ವಸಂಸ್ಥೆಯಲ್ಲಿ ನೋಂದಾಯಿಸಿಕೊಂಡುವು. ಕೊಳ್ಳುವವರು ಯೂರೋಪಿನವರು. ೨೦೧೨ರ ಹೊತ್ತಿಗೆ ಆ ಚೀಟಿಗಳ ಬೆಲೆ ಒಂದು ಯೂರೋವಿಗಿಂತಲೂ ಕೆಳಗಿಳಿದು, ನಂಬಿದ್ದ ವರಮಾನ ಕರಗಿಹೋಯಿತು. ಪರದೇಶದ ಸಂತೆಯನ್ನು ನಂಬಿ ಮನೆ ಕಟ್ಟಬಾರದೆಂದು ಬುದ್ಧಿವಂತ ವ್ಯವಸ್ಥಾಪಕರು ಅಂದೇ ಕಲಿತಿರಬೇಕು.

ಹಾಗಾದರೆ ನಾವೂ ಒಟ್ಟು ಹೊಗೆಗೇ ಮಿತಿ ಹಾಕಿಬಿಡೋಣವೆ? ಇಲ್ಲಿಯೇ ನಮ್ಮ ಮುಂಗಾರು ಅಡ್ಡ ಬರುವುದು. ಅಮೆರಿಕದಲ್ಲಾಗಲಿ ಯೂರೋಪಿನಲ್ಲಾಗಲಿ ಈ ತೊಡಕು ನಮ್ಮಷ್ಟು ತೀವ್ರವಲ್ಲ. ಕರ್ನಾಟಕದ ವಿದ್ಯುತ್ತಿನ ಹಳೆಯ ಬೆನ್ನೆಲುಬು ಜಲವಿದ್ಯುತ್ತು. ಶರಾವತಿಯ ಒಂದು ಸ್ಥಾವರವೇ ೧,೦೩೫ ಮೆಗಾವಾಟಿನದು. ಮಳೆ ಕಡಮೆಯಾದ ವರ್ಷ ಎರಡು ಕೇಡುಗಳು ಒಟ್ಟಿಗೆ ಸಂಭವಿಸುವುವು. ಜಲಾಶಯಗಳು ತುಂಬದೆ ಜಲವಿದ್ಯುತ್ತು ಕುಗ್ಗುವುದು. ಅದೇ ಹೊತ್ತಿಗೆ ಹೊಲ ತೋಟಗಳಿಗೆ ನೀರಿಲ್ಲದೆ ಪಂಪುಗಳೆಲ್ಲ ಏಕಕಾಲದಲ್ಲಿ ತಿರುಗತೊಡಗುವುವು. ೨೦೨೩ರಲ್ಲಿ ಇದನ್ನು ನಾವು ಪ್ರತ್ಯಕ್ಷವಾಗಿ ಕಂಡೆವು. ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತು. ಅಕ್ಟೋಬರಿನಲ್ಲಿ ರೈತರ ಪಂಪುಗಳಿಗೆ ಏಳು ಗಂಟೆಯ ಬದಲು ಐದೇ ಗಂಟೆ ವಿದ್ಯುತ್ತೆಂದಾಗಿ ಪ್ರತಿಭಟನೆಗಳಾದುವು. ರಾಜ್ಯದೊಳಗೆ ತಯಾರಾದ ವಿದ್ಯುತ್ತನ್ನು ಹೊರಗೆ ಮಾರದಂತೆ ವಿದ್ಯುತ್ ಕಾಯಿದೆಯ ೧೧ನೆಯ ಕಲಮನ್ನು ಸರ್ಕಾರ ಪ್ರಯೋಗಿಸಬೇಕಾಯಿತು. ಪಂಜಾಬು, ಉತ್ತರ ಪ್ರದೇಶಗಳಿಂದ ವಿದ್ಯುತ್ತನ್ನು ಕೈಗಡ ತರಬೇಕಾಯಿತು. ಅಂಥ ವರ್ಷದಲ್ಲಿ ಕಲ್ಲಿದ್ದಲಿನ ಕುಲುಮೆಗಳು ಹಗಲಿರುಳು ಉರಿಯಲೇಬೇಕು. ಆಗ, ನಿಮ್ಮ ಚೀಟಿಗಳು ಮುಗಿದುವು, ಹೆಚ್ಚು ಬೆಲೆಗೆ ಕೊಳ್ಳಿರೆಂದು ಪೇಟೆ ಹೇಳಿದರೆ, ನಿಗಮದ ಅಧಿಕಾರಿಗಳು ಮಾಡುವುದೇನು? ಕೊಳ್ಳುವರು, ಇಲ್ಲವೆ ಘಟಕ ನಿಲ್ಲಿಸುವರು. ಘಟಕ ನಿಲ್ಲಿಸುವುದೆಂದರೆ ಚನ್ನಗಿರಿಯಲ್ಲಿ ಅಡಿಕೆಯ ಮರ ಒಣಗುವುದು. ಮೆಕ್ಕೆಜೋಳ ಒಣಗಿದರೆ ಒಂದು ವರ್ಷದ ನಷ್ಟ. ಅಡಿಕೆಯ ತೋಟ ಹೋದರೆ ಮತ್ತೆ ಫಲ ಬರಲು ಹಲವು ವರ್ಷ ಕಾಯಬೇಕು.

ಯೂನಿಟ್ಟುವಾರು ಪ್ರಮಾಣ ಬರಕ್ಕೆ ಅಂಜುವುದಿಲ್ಲ, ಆದರೆ ಗಾಳಿ ಬಿಸಿಲುಗಳನ್ನು ಕಾಣಲಾರದು. ಒಟ್ಟು ಮಿತಿ ಗಾಳಿ ಬಿಸಿಲುಗಳನ್ನು ಕಾಣಬಲ್ಲುದು, ಆದರೆ ಬರದಲ್ಲಿ ಕೊರಳು ಹಿಸುಕುವುದು. ಈ ಇಕ್ಕಟ್ಟಿನಿಂದ ಪಾರಾಗಲು ನಮ್ಮ ಬಯಲುಸೀಮೆಯ ಹಿರಿಯರ ಉಪಾಯವೇ ಸಾಕೆಂದು ನನಗೆ ತೋರುವುದು. ಅವರು ಸುಗ್ಗಿ ಚೆನ್ನಾದ ವರ್ಷದ ಜೋಳವನ್ನು ಹಗೇವಿಗೆ ತುಂಬಿ, ಬರದ ವರ್ಷ ಬಾಯಿ ತೆರೆಯುತ್ತಿದ್ದರು. ಹೊಗೆಯ ಚೀಟಿಗೂ ಹಗೇವು ಇರಬೇಕು. ಮಿತಿ ಒಂದು ವರ್ಷದ್ದಲ್ಲ, ಐದಾರು ವರ್ಷಗಳ ಒಟ್ಟು ಲೆಕ್ಕದ್ದಾಗಲಿ. ಶರಾವತಿ, ಕಾಳಿ ತುಂಬಿದ ವರ್ಷ ಕಲ್ಲಿದ್ದಲು ಕಡಮೆ ಸುಟ್ಟು ಉಳಿಸಿದ ಚೀಟಿ ಮುಂದಿನ ಬರಕ್ಕೆ ಒದಗಲಿ. ಇಂಗಾಲದ ಡೈಆಕ್ಸೈಡಿನ ಸ್ವಭಾವವೂ ಇದಕ್ಕೆ ಒಪ್ಪುವಂತಹುದು. ಅದು ಗಂಧಕದ ಅನಿಲದಂತೆ ಕೆಲವು ದಿನಗಳಲ್ಲಿ ಮಳೆಯೊಡನೆ ಇಳಿದುಹೋಗುವುದಲ್ಲ. ಅದರ ಒಂದು ದೊಡ್ಡ ಪಾಲು ಶತಮಾನಗಳ ಕಾಲ ವಾಯುಮಂಡಲದಲ್ಲಿ ಉಳಿಯುವುದು. ಭೂಮಿಯ ಉಷ್ಣತೆಯನ್ನು ನಿರ್ಧರಿಸುವುದು ಸೇರುತ್ತ ಬಂದ ಒಟ್ಟು ಮೊತ್ತ. ಈ ವರ್ಷ ಸೇರಿತೋ ಬರುವ ವರ್ಷ ಸೇರಿತೋ ಎಂಬುದು ಗೌಣ. ಕೂಡಿಡಲು ಅವಕಾಶವಿಲ್ಲದುದರಿಂದಲೇ ಯೂರೋಪಿನ ಮೊದಲ ಪೇಟೆ ಬೆಲೆಗೆಟ್ಟಿತೆಂಬುದನ್ನೂ ಮರೆಯಬಾರದು.

ಇನ್ನು ದುಡ್ಡಿನ ಮಾತು. ದಾವಣಗೆರೆ ಜಿಲ್ಲೆಗೆ ವಿದ್ಯುತ್ತು ಹಂಚುವುದು ೨೦೦೨ರಲ್ಲಿ ಹುಟ್ಟಿದ ಬೆಸ್ಕಾಂ. ತಯಾರಿಸುವ ನಿಗಮವೂ ಹಂಚುವ ಕಂಪನಿಯೂ ರಾಜ್ಯ ಸರ್ಕಾರದವೇ. ಕೊಡುವ ಕೈಯೂ ಕೊಳ್ಳುವ ಕೈಯೂ ಒಂದೇ ಮೈಯವು. ದರವನ್ನು ಗೊತ್ತುಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಇಂಧನದ ಖರ್ಚು ಏರಿದರೆ ಅದು ಇಂಧನ ಹೊಂದಾಣಿಕೆಯ ಬಾಬಿನಲ್ಲಿ ಗ್ರಾಹಕನ ಬಿಲ್ಲಿಗೆ ಇಳಿಯುವುದು. ಚೀಟಿಯ ಖರ್ಚೂ ಹೀಗೆಯೇ ಪೂರ್ತಿಯಾಗಿ ಇಳಿದುಹೋದರೆ, ನಿಗಮಕ್ಕೆ ಹಳೆಯ ಘಟಕವನ್ನು ಸುಧಾರಿಸಲು ಏನು ತುರ್ತು? ಅಂಚೆಯವನಂತೆ ಬಿಲ್ಲನ್ನು ದಾಟಿಸಿದರೆ ಅವರ ಕೆಲಸ ತೀರಿತು. ಅತ್ತ ಕಡೆ ೧೦ ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತ. ೨೦೨೩ರ ಆಗಸ್ಟಿನಿಂದ ಗೃಹಜ್ಯೋತಿಯ ಅನ್ವಯ ಮನೆಗಳಿಗೂ ತಿಂಗಳಿಗೆ ೨೦೦ ಯೂನಿಟ್ಟಿನವರೆಗೆ ಹಣವಿಲ್ಲ. ಹೊಗೆಯ ಬೆಲೆ ರೈತನನ್ನು ಮುಟ್ಟದೆ ರಾಜ್ಯದ ಬೊಕ್ಕಸಕ್ಕೆ ಸಬ್ಸಿಡಿಯಾಗಿ ತಗಲುವುದು. ರೈತನಿಗೆ ತಟ್ಟಬೇಕೆಂದು ನಾನು ಹೇಳುತ್ತಿಲ್ಲ. ಮಳೆಯಿಲ್ಲದ ನಾಡಿನಲ್ಲಿ ನೀರು ಎತ್ತುವವನನ್ನು ದಂಡಿಸಿ ಭೂಮಿಯನ್ನು ತಂಪುಮಾಡುವುದು ನ್ಯಾಯವಲ್ಲ. ಆದರೆ ತೀರ್ಮಾನ ಮಾಡುವ ಸಂಸ್ಥೆಗಾದರೂ ತಟ್ಟಬೇಕು. ಒಳ್ಳೆಯ ದರ್ಜೆಯ ಸ್ಥಾವರಕ್ಕೆ ಬೇಕಾಗುವಷ್ಟು ಚೀಟಿಯ ಖರ್ಚನ್ನು ಮಾತ್ರ ದರಕ್ಕೆ ಸೇರಿಸಲು ಆಯೋಗ ಒಪ್ಪಲಿ. ಅದಕ್ಕೆ ಮಿಕ್ಕುದು ನಿಗಮದ ಲಾಭದಿಂದಲೇ ಹೋಗಲಿ.

ಚೀಟಿಯನ್ನು ಹರಾಜು ಹಾಕಿದರೆ ಬರುವ ಹಣ ಎಲ್ಲಿಗೆ ಹೋಗಬೇಕು? ಇದರಲ್ಲಿ ನಮಗೆ ಕಹಿಯಾದ ಅನುಭವವಿದೆ. ೨೦೧೦ರಲ್ಲಿ ಕೇಂದ್ರ ಸರ್ಕಾರ ಟನ್ನು ಕಲ್ಲಿದ್ದಲಿಗೆ ೫೦ ರೂಪಾಯಿಯ ಮೇಲ್ತೆರಿಗೆ ಹಾಕಿತು. ೨೦೧೬ರ ಹೊತ್ತಿಗೆ ಅದು ೪೦೦ ರೂಪಾಯಿಗೆ ಏರಿತು. ಯೂನಿಟ್ಟಿಗೆ ಹಂಚಿದರೆ ೨೬-೨೭ ಪೈಸೆ. ಹೊಗೆಗೆ ಹಂಚಿದರೆ ಟನ್ನಿಗೆ ಸುಮಾರು ೨೭೦ ರೂಪಾಯಿ. ಹೊಗೆಗೆ ಅಡ್ಡದಾರಿಯಲ್ಲಿ ಬೆಲೆ ಬಂದಂತೆಯೇ ಆಗಿದ್ದಿತು. ಶುದ್ಧ ಶಕ್ತಿಯ ನಿಧಿಗೆಂದು ಎತ್ತಿದ ಈ ಹಣ ೨೦೧೭ರಿಂದ ಸರಕು ಸೇವಾ ತೆರಿಗೆಯ ನಷ್ಟ ತುಂಬುವ ಲೆಕ್ಕಕ್ಕೆ ಸಂದಿತು. ೨೦೨೫ರ ಸೆಪ್ಟೆಂಬರಿನಲ್ಲಿ ಮೇಲ್ತೆರಿಗೆಯೇ ರದ್ದಾಗಿ, ಕಲ್ಲಿದ್ದಲಿನ ಮೇಲಣ ಸಾಮಾನ್ಯ ತೆರಿಗೆ ನೂರಕ್ಕೆ ೫ರಿಂದ ೧೮ಕ್ಕೆ ಏರಿತು. ಬೆಲೆಯ ಮೇಲೆ ಹಾಕುವ ತೆರಿಗೆಗೆ ಹೊಗೆ ಎಷ್ಟೆಂಬುದು ಗೊತ್ತೇ ಇಲ್ಲ. ಬೂದಿ ತುಂಬಿದ ಅಗ್ಗದ ಕಲ್ಲಿದ್ದಲಿಗೆ ಅದು ಕಡಮೆ ತಗಲುವುದು! ಹರಾಜಿನ ಹಣಕ್ಕೆ ಈ ಗತಿ ಬರಬಾರದು. ಅದು ಹಳೆಯ ಪಂಪುಗಳನ್ನು ತೆಗೆದು ಒಳ್ಳೆಯ ಪಂಪುಗಳನ್ನು ಇಡುವುದಕ್ಕೆ, ನೀರಾವರಿ ಪಂಪುಗಳ ವಿದ್ಯುತ್ ಮಾರ್ಗಗಳಿಗೆ ಸೂರ್ಯಶಕ್ತಿಯನ್ನು ಜೋಡಿಸುವುದಕ್ಕೆ ಮರಳಲಿ. ಹಗಲಿನಲ್ಲಿ ಬಿಸಿಲಿನ ವಿದ್ಯುತ್ತು ಬಂದರೆ, ಹೊಲದ ರೈತನು ನಡುರಾತ್ರಿ ಹಾವು ಚೇಳುಗಳ ನಡುವೆ ಟಾರ್ಚು ಹಿಡಿದು ಪಂಪು ಹಾಕಲು ಹೋಗುವುದೂ ತಪ್ಪುವುದು. ಬೆಸ್ಕಾಂ ಸೀಮೆಯಲ್ಲಿಯೇ ಇರುವ ಪಾವಗಡದ ೨,೦೫೦ ಮೆಗಾವಾಟಿನ ಸೂರ್ಯಶಕ್ತಿ ಉದ್ಯಾನ ಹಗಲು ಹೊತ್ತಿಗೆ ತಾನೆ ವಿದ್ಯುತ್ತು ಕೊಡುವುದು?

ಪೇಟೆಯನ್ನು ಅತಿಯಾಗಿ ನಂಬುವವರಿಗೂ ಒಂದು ಮಾತು ಹೇಳಬೇಕು. ಜಗಳೂರಿನ ಗಾಳಿ ಬಲವಾಗಿ ಬೀಸುವುದು ಮುಂಗಾರಿನ ತಿಂಗಳುಗಳಲ್ಲಿ. ಪಂಪುಗಳಿಗೆ ವಿದ್ಯುತ್ತು ಬೇಕಾಗುವುದು ಮಾಘ ಫಾಲ್ಗುಣದಿಂದ ಮುಂದಕ್ಕೆ. ಬಿಸಿಲಿನ ವಿದ್ಯುತ್ತಿಗೆ ಸಂಜೆ ದೀಪ ಹಚ್ಚುವ ಹೊತ್ತಿನ ಚಿಂತೆಯಿಲ್ಲ. ಹೊಗೆಗೆ ಬೆಲೆ ಬಂದಷ್ಟೂ ವಿದ್ಯುತ್ತನ್ನು ಕೂಡಿಡುವ ಯೋಜನೆಗಳು ಲಾಭಕರವಾಗಿ ತೋರುವುವು. ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ನೀರನ್ನು ಏರಿಸಿ ಇಳಿಸಿ ೨,೦೦೦ ಮೆಗಾವಾಟು ಪಡೆಯಬೇಕೆಂಬ ನಿಗಮದ ಯೋಜನೆ ಇಂತಹುದು. ಆದರೆ ಅದು ಸಿಂಗಳೀಕಗಳ ಅಭಯಾರಣ್ಯದ ನಡುವೆ ಹೋಗುವುದು. ಹೊಗೆಯ ತಕ್ಕಡಿಯಲ್ಲಿ ಸಿಂಗಳೀಕಕ್ಕೆ ತೂಕವಿಲ್ಲ, ಕಾಡಿಗೂ ಇಲ್ಲ. ಶಕ್ತಿನಗರದ ಮನೆಗಳ ಮೇಲೆ ಬೀಳುವ ಹಾರುಬೂದಿಗೂ ಇಲ್ಲ. ಅಂಗಾರವಾಯು ಎಲ್ಲಿ ಹೊರಟರೂ ಲೋಕದ ಗಾಳಿಯಲ್ಲೆಲ್ಲ ಬೆರೆಯುವುದರಿಂದ ಅದನ್ನು ಊರಿಂದೂರಿಗೆ ಕೊಂಡು ಮಾರಬಹುದು. ಬೂದಿ ಬಿದ್ದಲ್ಲಿಯೇ ಬೀಳುವುದು. ಬಳ್ಳಾರಿಯಲ್ಲಿ ಉಳಿಸಿದ ಬೂದಿ ರಾಯಚೂರಿನವನ ಎದೆಗೆ ಒದಗದು. ಅದಕ್ಕೆ ಅಪ್ಪಣೆಯ ಕಾನೂನೇ ಬೇಕು, ಅದೂ ಗಡುವು ಮುಂದೂಡದ ಕಾನೂನು.

ಪ್ರತಿಯೊಬ್ಬ ಅಮೆರಿಕದವನು ನಮ್ಮವನಿಗಿಂತ ಎಷ್ಟೋ ಪಾಲು ಹೆಚ್ಚು ಹೊಗೆ ಬಿಡುತ್ತಿರುವಾಗ ನಾವೇಕೆ ಈ ತಾಪತ್ರಯ ಹಚ್ಚಿಕೊಳ್ಳಬೇಕು ಎಂಬ ಆಕ್ಷೇಪವನ್ನು ಕೇಳಿದ್ದೇನೆ. ನ್ಯಾಯದ ದೃಷ್ಟಿಯಿಂದ ಆ ಆಕ್ಷೇಪ ಸರಿ. ಆದರೆ ಇಂದು ಕಟ್ಟಿದ ಕಲ್ಲಿದ್ದಲಿನ ಸ್ಥಾವರ ನಾಲ್ವತ್ತು ವರ್ಷ ಓಡಬೇಕು. ಇದನ್ನು ಓದುತ್ತಿರುವ ವಿದ್ಯಾರ್ಥಿ ನಿವೃತ್ತನಾಗುವ ಹೊತ್ತಿಗೂ ಅದರ ಸಾಲ ಮತ್ತು ಇಂಧನದ ಬಿಲ್ಲು ಅವನ ಪಾಲಿಗೆ ಇರುವುದು. ಹೊಗೆಗೆ ಇಂದಲ್ಲ ನಾಳೆ ಬೆಲೆ ಬರುವುದೆಂದು ಎಣಿಸಿ ಕಟ್ಟುವ ಸಂಸ್ಥೆಗೂ, ಎಂದೆಂದಿಗೂ ಬಾರದೆಂದು ಎಣಿಸಿ ಕಟ್ಟುವ ಸಂಸ್ಥೆಗೂ ಕಟ್ಟುವ ವಸ್ತುವೇ ಬೇರೆಯಾಗುವುದು.

ದರ ಪರಿಷ್ಕರಣೆಯ ಅರ್ಜಿಗಳ ಮೇಲೆ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುವುದು. ಆಕ್ಷೇಪಣೆಯನ್ನು ಯಾವ ಗ್ರಾಹಕನೂ ಬರೆದು ಸಲ್ಲಿಸಬಹುದು. ಮುಂದಿನ ವಿಚಾರಣೆಗೆ ಚನ್ನಗಿರಿಯಿಂದಲೋ ನ್ಯಾಮತಿಯಿಂದಲೋ ಹೋಗುವ ರೈತಸಂಘದವರು ಒಂದು ಪ್ರಶ್ನೆಯನ್ನು ಸೇರಿಸಿಕೊಳ್ಳಲೆಂದು ನನ್ನ ಕೋರಿಕೆ: ನೀವು ನಮಗಾಗಿ ಕೊಂಡ ವಿದ್ಯುತ್ತಿಗೆ ಸ್ಥಾವರವಾರು ಎಷ್ಟು ರೂಪಾಯಿ ಕೊಟ್ಟಿರೆಂದು ತೋರಿಸುವ ಪಟ್ಟಿಯ ಪಕ್ಕದಲ್ಲಿ, ಸ್ಥಾವರವಾರು ಎಷ್ಟು ಟನ್ನು ಹೊಗೆ ಎಂಬುದನ್ನೂ ಬರೆದು ಕೊಡುವಿರಾ?